ಮೂರು ಮೊಳದ ಹಿಡಿ

ನಮ್ಮ ಅತ್ತೆಯ ಕುತ್ತಿಗೆ ಎಡಕ್ಕೆ ತಿರುಗಿ ಅಲ್ಲೇ ನಿಂತದ್ದು ೧೯೫೭ರ ಕೊನೆಯಲ್ಲಿ, ರಾಗಿ ಒಕ್ಕಣೆಯ ಕಾಲದಲ್ಲಿ. ಕಣ ನಮ್ಮ ಮನೆಯ ಎಡಗಡೆಗಿತ್ತು. ಒಕ್ಕಲು ಬಂದ ಹೆಂಗಸರು ಮಡಿಲಲ್ಲಿ ಒಂದು ಹಿಡಿ ರಾಗಿ ಕಟ್ಟಿಕೊಂಡು ಹೋದಾರು ಎಂದು ಅತ್ತೆ ಜಗಲಿಯ ಕಂಬಕ್ಕೆ ಒರಗಿ, ಮೂರು ಹಗಲು ಕಣದ ಕಡೆಗೇ ಮುಖ ಮಾಡಿ ಕೂತಿದ್ದರು. ಊಟವನ್ನೂ ಅಲ್ಲಿಗೇ ತರಿಸಿಕೊಂಡರು. ನಾಲ್ಕನೆಯ ದಿನ ಬೆಳಿಗ್ಗೆ ಏಳಲು ಹೋದಾಗ ಕುತ್ತಿಗೆ ಹಿಂದಕ್ಕೆ ಬರಲು ಒಪ್ಪಲಿಲ್ಲ. ಯಾರೂ ರಾಗಿ ಕದ್ದಿರಲಿಲ್ಲ.

ದೊಡ್ಡಮ್ಮ ಎಂಬುದೇ ಅವರ ಹೆಸರು. ಊರಿಗೆಲ್ಲ ದೊಡ್ಡಮ್ಮ, ನನಗೆ ಅತ್ತೆ. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಮೊಸಳೆ ಎಂಬ ಊರು ದಾಟಿ ಇಳಿದು ಎರಡು ಮೈಲಿ ನಡೆದರೆ ನಮ್ಮೂರು. ಆ ಎರಡು ಮೈಲಿಯಲ್ಲಿ ಕಾಣುವ ಹೊಲ ಗದ್ದೆಯಲ್ಲಿ ಬಹುಪಾಲು ಆ ಮನೆಯದೇ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಅದೇ ವರ್ಷ ಅವರ ಮಗ ಚನ್ನಪ್ಪನವರನ್ನು ಮದುವೆಯಾಗಿ ಬಂದಿದ್ದೆ. ಅತ್ತೆ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ. ‘ಕಾಲೇಜು’ ಎನ್ನುತ್ತಿದ್ದರು. ಕಾಲೇಜು ಸಾರಿಗೆ ಉಪ್ಪು ಹಾಕಿದೆಯೇ, ಕಾಲೇಜು ಕರುವನ್ನು ಕಟ್ಟಿದೆಯೇ ಎಂದು ದಿನಕ್ಕೆ ಹತ್ತು ಸಲ ವಿಚಾರಣೆ.

ಕುತ್ತಿಗೆ ನಿಂತ ಮೇಲೆ ಇಡೀ ಮನೆಯೇ ಎಡಕ್ಕೆ ಸರಿಯಿತು. ಅವರೊಡನೆ ಮಾತಾಡಬೇಕಾದವರು ಎಡಕ್ಕೆ ಬಂದು ನಿಲ್ಲಬೇಕು. ನನ್ನ ಗಂಡ ಅದುವರೆಗೆ ತಾಯಿಯ ಎದುರು ನಿಂತು ಹೂಂಗುಟ್ಟುತ್ತಿದ್ದವರು, ಈಗ ಎಡಕ್ಕೆ ನಿಂತು ಹೂಂಗುಟ್ಟತೊಡಗಿದರು. ದೇವರ ಗೂಡಿನ ಮುಂದೆ ಅತ್ತೆ ಪಕ್ಕವಾಗಿ ನಿಂತು, ಎಡಭುಜದ ಮೇಲಿನಿಂದ ಕೈಮುಗಿಯುತ್ತಿದ್ದರು. ಜಗಳವಾಡಿ ಎದ್ದುಹೋಗುವವರು ಒಮ್ಮೆ ತಿರುಗಿ ನೋಡುತ್ತಾರಲ್ಲ, ಹಾಗೆ. ನೋವು ಮಾತ್ರ ನಿಜವಾದದ್ದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ತಲೆ ಬಾಚುವಾಗ ಅವರ ಕಣ್ಣಲ್ಲಿ ನೀರು ತುಂಬುತ್ತಿತ್ತು.

ಅವರಿಗೆ ಈಗ ಕಾಣದೆ ಹೋದ ಬಲಗಡೆಯಲ್ಲಿ ಏನಿತ್ತೆಂದು ಹೇಳಬೇಕು. ಊರಿನಲ್ಲಿ ಶಾಲೆಗೆ ಕಟ್ಟಡವಿರಲಿಲ್ಲ. ನಮ್ಮ ಜಗಲಿಯ ಬಲ ಅರ್ಧವೇ ಶಾಲೆ. ಇಪ್ಪತ್ತೆರಡು ಮಕ್ಕಳು ಜಗಲಿಯ ನೆಲದ ಮೇಲೆ ಕೂರುತ್ತಿದ್ದರು. ಇಪ್ಪತ್ತಮೂರನೆಯವಳು ಮಾತ್ರ ಕೆಳಗೆ ಅಂಗಳದಲ್ಲಿ, ಸೂರಿನ ನೀರು ಬೀಳುವ ಗೆರೆಯ ಆಚೆಗೆ, ಗೋಣಿತಾಟಿನ ಮೇಲೆ. ಅವಳು ಊರಾಚೆಯ ಕೇರಿಯ ಹೊನ್ನಕ್ಕನ ಮಗಳು. ಕೇರಿಯವರು ನಮ್ಮ ಮನೆಯ ಮೆಟ್ಟಿಲು ಹತ್ತುವಂತಿರಲಿಲ್ಲ, ನಮ್ಮನ್ನು ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಮೈಲಿಗೆ.

ಹುಡುಗಿಗೆ ಒಂಬತ್ತು ವರ್ಷ, ಹೆಸರು ಪ್ರೇಮಕುಮಾರಿ. ಹೊಳೆನರಸೀಪುರದ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸಿದ ನರ್ಸಮ್ಮ, ಮಗುವನ್ನು ಒರೆಸಿ ತಾಯಿಯ ಕೈಗೆ ಕೊಡುತ್ತಾ, ಇವಳಿಗೆ ಒಳ್ಳೆಯ ಹೆಸರಿಡು ಎಂದು ತಾನೇ ಹೇಳಿಕೊಟ್ಟ ಹೆಸರಂತೆ. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಪೂರ್ತಿ ಹೇಳುತ್ತಿರಲಿಲ್ಲ. ಮೇಷ್ಟ್ರು ಬಸವರಾಜು ಒಬ್ಬರೇ ದಿನಾ ಹಾಜರಿ ಕೂಗುವಾಗ ಐದೂ ಅಕ್ಷರ ಕೂಗುತ್ತಿದ್ದರು. ಅವರು ನುಗ್ಗೇಹಳ್ಳಿ ಕಡೆಯ ಬಡವರು, ಭಯಸ್ಥರು. ಹುಡುಗಿಯನ್ನು ಮೇಲೆ ಕೂರಿಸುವ ಧೈರ್ಯ ಅವರಿಗಿರಲಿಲ್ಲ. ಅದರ ಬದಲು ಪಾಠವನ್ನು ಅಂಗಳದ ಕಡೆಗೆ ಮುಖ ಮಾಡಿ, ಅಲ್ಲಿಗೆ ಕೇಳುವಷ್ಟು ಜೋರಾಗಿ ಹೇಳುತ್ತಿದ್ದರು. ಸಂಜೆಯಾಗುವಷ್ಟರಲ್ಲಿ ಅವರ ಗಂಟಲು ಕಟ್ಟಿರುತ್ತಿತ್ತು. ಬಿ.ಎ. ಓದಿದ ನಾನು ಅವರಿಗೆ ಶುಂಠಿ ಕಾಫಿ ಕಳಿಸುತ್ತಿದ್ದೆ. ನನ್ನ ಧೈರ್ಯ ಅಷ್ಟಕ್ಕೇ ಮುಗಿಯುತ್ತಿತ್ತು.

ಹಾಸನದ ಡಾಕ್ಟರು ಕೊಟ್ಟ ಮುಲಾಮಿನಿಂದ ಅತ್ತೆಯ ಚರ್ಮ ಸುಟ್ಟಿತು, ಕುತ್ತಿಗೆ ತಿರುಗಲಿಲ್ಲ. ಅರಕಲಗೂಡಿನಿಂದ ಬಂದ ತೈಲದ ವಾಸನೆಗೆ ಬೆಕ್ಕು ಮನೆ ಬಿಟ್ಟು ಹೋಯಿತು. ಆಗ ನಮ್ಮ ಬಡಗಿ ಚಲುವಯ್ಯ ಹೊನ್ನಕ್ಕನ ಹೆಸರು ಹೇಳಿದ. ನೊಗ ಹೊತ್ತು ಕುತ್ತಿಗೆ ಊದಿದ ಎತ್ತುಗಳನ್ನು ಸರಿಮಾಡುವವಳು ಅವಳೇ. ಕೇರಿಯಲ್ಲಿ ಹೊರೆ ಹೊತ್ತು ಭುಜ ಹಿಡಿದುಕೊಂಡವರೂ ಅವಳ ಬಳಿಗೇ ಹೋಗುತ್ತಿದ್ದರು. ಅವಳ ಹತ್ತಿರ ಅಂಗೈಯಗಲದ ಒಂದು ಮರದ ತುಂಡಿತ್ತು. ಮುರಿದ ಹಳೆಯ ನೊಗದ ತುಂಡು. ಇಪ್ಪತ್ತು ವರ್ಷ ಎತ್ತಿನ ಕುತ್ತಿಗೆಗೆ ಉಜ್ಜಿ, ಆಮೇಲೆ ಹೊನ್ನಕ್ಕನ ತಾಯಿಯ ಕೈಯಲ್ಲಿ, ಆಮೇಲೆ ಅವಳ ಕೈಯಲ್ಲಿ ಸವೆದು, ಹುಣಸೆ ಬೀಜದ ಹಾಗೆ ಹೊಳೆಯುತ್ತಿತ್ತು. ಹೆಬ್ಬೆರಳಿನಿಂದ ಗಂಟು ಹುಡುಕಿ, ಸಿಕ್ಕಿದ ಮೇಲೆ ಅದರ ಮೇಲೆ ಆ ಮರವನ್ನು ಇಟ್ಟು ಒತ್ತಿ ತಿರುವುವುದು ಅವಳ ಕೆಲಸದ ರೀತಿ.

ಎತ್ತಿಗೆ ಆಗುತ್ತದೆ, ದೊಡ್ಡಮ್ಮನಿಗೆ ಹೇಗೆ ಆದೀತು? ಹೆಬ್ಬೆರಳು ಹೊನ್ನಕ್ಕನದು. ಈ ಸಮಸ್ಯೆಯನ್ನು ಬಿಡಿಸಲು ಅತ್ತೆಯ ತಮ್ಮ ರಾಮಣ್ಣನವರನ್ನು ಚನ್ನರಾಯಪಟ್ಟಣದಿಂದ ಕರೆಸಲಾಯಿತು. ಅವರು ಅಲ್ಲಿ ವಕೀಲರೊಬ್ಬರ ಗುಮಾಸ್ತರು. ವಕೀಲರಿಗಿಂತ ದಪ್ಪ ಕನ್ನಡಕ ಹಾಕುತ್ತಿದ್ದರು. ಮನೆಯವರನ್ನೆಲ್ಲ ಅತ್ತೆಯ ಎಡಗಡೆಗೆ ಕೂರಿಸಿಕೊಂಡು ಒಂದು ಇಡೀ ಮಧ್ಯಾಹ್ನ ವಾದ ಮಾಡಿದರು. ಮರಕ್ಕೆ ಮೈಲಿಗೆ ಇಲ್ಲ, ಇದ್ದಿದ್ದರೆ ಕೇರಿಯವರು ಹೂಡಿದ ನೇಗಿಲಿನಿಂದ ಬೆಳೆದ ರಾಗಿಯನ್ನು ನಾವು ತಿನ್ನುವಂತಿರಲಿಲ್ಲ ಎಂದರು. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆದರೆ ಗೇಣುದ್ದದ ಮರವಾದರೆ ಕೈ ಸೋಕಬಹುದು, ಉಸಿರು ತಾಗಬಹುದು. ಒಂದು ಮೊಳ ಮುಟ್ಟಿದ ಹಾಗೇ. ಎರಡು ಮೊಳಕ್ಕೆ ಸಂದೇಹ. ಮೂರು ಮೊಳವಾದರೆ ಯಾವ ಕೋರ್ಟಿನಲ್ಲೂ ನಿಲ್ಲುತ್ತದೆ. ಹೀಗೆಂದು ತಾವೇ ಎದ್ದು, ಮೊಣಕೈಯಿಂದ ಬೆರಳ ತುದಿಯವರೆಗೆ ಮೂರು ಸಲ ಗೋಡೆಯ ಮೇಲೆ ಅಳೆದು ಸುಣ್ಣದ ಗೆರೆ ಎಳೆದರು. ಆ ಗೆರೆ ಬಹಳ ವರ್ಷ ಹಾಗೇ ಇತ್ತು.

ಚಲುವಯ್ಯ ಎರಡು ದಿನದಲ್ಲಿ ಮಾಡಿ ತಂದ. ತುದಿಯಲ್ಲಿ ಕಡಗೋಲಿನ ತಲೆಯಂತೆ ಮೂರು ಗುಬಟು, ಅದಕ್ಕೆ ಮೂರು ಮೊಳದ ಹಿಡಿ. ಮರ ಎಷ್ಟು ನುಣುಪಾಗಿತ್ತೆಂದರೆ ನನಗೆ ಮುಟ್ಟಿ ನೋಡಬೇಕೆನಿಸಿತು. ಮುಟ್ಟಿದಾಗ ಗೊತ್ತಾಯಿತು, ತಲೆಗೂ ಹಿಡಿಗೂ ನಡುವೆ ಒಂದು ಸಣ್ಣ ಬೆಣೆ ಇದೆ. ಎಳೆದರೆ ತಲೆ ಕಳಚಿ ಕೈಗೆ ಬರುತ್ತದೆ. ಚಲುವಯ್ಯನ ಮುಖ ನೋಡಿದೆ. ಅವನು ಉಳಿಗೆ ಅಂಟಿದ ಹೊಟ್ಟನ್ನು ಒರೆಸುತ್ತಾ, “ಬ್ಯಾರೆ ಬ್ಯಾರೆ ಮರ ಕಣಮ್ಮ, ಅದುಕ್ಕೆ ಬೆಣೆ” ಎಂದ. ಎರಡೂ ಹುಣಸೆಯೇ ಆಗಿತ್ತು.

ಹೊನ್ನಕ್ಕನನ್ನು ಹಿತ್ತಲ ಕೊಟ್ಟಿಗೆಗೆ ಕರೆಸಿದರು. ಕೊಟ್ಟಿಗೆಯವರೆಗೆ ಅವಳು ಬರಬಹುದಿತ್ತು, ಸಗಣಿ ಬಾಚುವವಳು ಅವಳೇ ಆದ್ದರಿಂದ. ಅತ್ತೆ ಅವಳಿಗೆ ಬೆನ್ನು ಹಾಕಿ ಮಣೆಯ ಮೇಲೆ ಕೂತರು. ಕೆಲಸಕ್ಕೆ ಏನು ಕೊಡಬೇಕು, ರಾಗಿಯೋ ಸೀರೆಯೋ ಎಂದು ಗೋಡೆಯನ್ನು ಕೇಳಿದರು.

“ಏನೂ ಬ್ಯಾಡ ಕಣವ್ವ,” ಎಂದಳು ಹೊನ್ನಕ್ಕ. “ನಮ್ ಮಗೀನ ಜಗಲಿ ಮ್ಯಾಕೆ ಕೂರುಸ್ಬುಡಿ. ಬಿಸಿಲ್ಗೆ ಸ್ಲೇಟು ಕಾಣಾಕಿಲ್ಲ ಅಂತದೆ.”

ನೋವಿರುವವರು ಮಾತು ಕೊಡುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. “ಮೊದ್ಲು ಕತ್ತು ತಿರುಗ್ಲಿ. ಕೂರುಸ್ಕಂಡ್ರಾಯ್ತು,” ಎಂದರು ಅತ್ತೆ.

ಕೈ ಸೋಕದ ಹಾಗೆ ನೋಡಿಕೊಳ್ಳಲು ನನ್ನನ್ನು ಕಾವಲಿಟ್ಟರು. ಓದಿದವಳು, ಸರಿಯಾಗಿ ನೋಡುತ್ತಾಳೆ ಎಂದು. ನಾನು ಸರಿಯಾಗಿಯೇ ನೋಡಿದೆ. ಹೊನ್ನಕ್ಕ ಮೂರು ಮೊಳದ ಆಚೆ ನಿಂತು, ದೋಣಿ ನಡೆಸುವವರ ಹಾಗೆ ಆ ಕೋಲನ್ನು ಹಿಡಿದು ಅತ್ತೆಯ ಭುಜಕ್ಕೆ ಒತ್ತಿದಳು. ಕೋಲು ಜಾರಿ ಕಿವಿಗೆ ತಾಗಿತು. ಇನ್ನೊಮ್ಮೆ ಒತ್ತಿದಳು, ತುರುಬಿಗೆ ಸಿಕ್ಕಿತು. ಅಷ್ಟು ದೂರದಿಂದ ಗಂಟು ಎಲ್ಲಿದೆಯೆಂದು ಯಾರಿಗೆ ಗೊತ್ತಾದೀತು? ಆಗ ಅವಳ ಬೆರಳಿಗೆ ಬೆಣೆ ಸಿಕ್ಕಿತು. ಅವಳು ಬೆಣೆಯನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಎಮ್ಮೆಯ ಕೊಂಬನ್ನು ನೋಡತೊಡಗಿದೆ.

ಬೆಣೆ ಎಳೆದು, ಹಿಡಿಯನ್ನು ಸದ್ದಾಗದಂತೆ ಗೋಡೆಗೆ ಒರಗಿಸಿ, ಮರದ ತಲೆಯನ್ನು ಮಡಿಲಿಗೆ ಹಾಕಿಕೊಂಡು ಬಂದು ಅತ್ತೆಯ ಹಿಂದೆ ಮಂಡಿಯೂರಿದಳು. ಕುತ್ತಿಗೆ ತಿರುಗಿಸಲಾಗದವರಿಗೆ ಬೆನ್ನ ಹಿಂದಿನದು ಕಾಣುವುದಿಲ್ಲ. ಹರಳೆಣ್ಣೆಯನ್ನು ಅಂಗೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಹೆಬ್ಬೆರಳಿನಿಂದ ಹುಡುಕಿದಳು. ಕುತ್ತಿಗೆಯಲ್ಲಿ ಅಲ್ಲ, ಅದಕ್ಕಿಂತ ಎಷ್ಟೋ ಕೆಳಗೆ, ಹೆಗಲ ಮೂಳೆಯ ಒಳಅಂಚಿನಲ್ಲಿ. ಸಿಕ್ಕಿದಾಗ ಅತ್ತೆ ಒಮ್ಮೆ ಉಸಿರು ಎಳೆದುಕೊಂಡರು. ಆಗ ಮಡಿಲಿನಿಂದ ಮರ ತೆಗೆದಳು. ಅದನ್ನು ಅಲ್ಲಿ ಇಟ್ಟುಕೊಂಡದ್ದು ಯಾಕೆಂದು ನನಗೆ ಆಗ ತಿಳಿಯಿತು. ಮಾರ್ಗಶಿರದ ಚಳಿ, ತಣ್ಣನೆಯ ಮರ ಮೈಗೆ ತಾಗಿದರೆ ನರ ಮತ್ತೆ ಬಿಗಿಯುತ್ತದೆ. ಅವಳು ಅದನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಬಿಸಿ ಮಾಡುತ್ತಿದ್ದಳು. ಯಾವ ಮಡಿಲಿಗಾಗಿ ಅತ್ತೆ ಮೂರು ದಿನ ಕಾವಲು ಕೂತಿದ್ದರೋ ಆ ಮಡಿಲಿನಲ್ಲಿ.

ಹೀಗೆ ಐದು ದಿನ ನಡೆಯಿತು. ದಿನಾ ಕೊನೆಯಲ್ಲಿ ಬೆಣೆ ಹಾಕಿ ಕೋಲನ್ನು ಉದ್ದ ಮಾಡಿ, ದೂರ ನಿಂತು, “ಆಯ್ತು ಕಣವ್ವ” ಎನ್ನುತ್ತಿದ್ದಳು. ಅತ್ತೆ ನನ್ನನ್ನು, ಕೋಲೇ ತಾನೆ ಎಂದು ಕೇಳುತ್ತಿದ್ದರು. ನಾನು ಕೋಲೇ ಎನ್ನುತ್ತಿದ್ದೆ. ಮೂವತ್ತು ವರ್ಷ ಗಂಡನ ಮನೆಯಲ್ಲಿ ದುಡಿದ ಬೆನ್ನಿಗೆ ಹೆಬ್ಬೆರಳಿಗೂ ಹುಣಸೆ ಮರಕ್ಕೂ ವ್ಯತ್ಯಾಸ ತಿಳಿಯದೇ? ಅವರಿಗೆ ತಿಳಿದಿತ್ತು. ಕೇಳುವುದನ್ನು ಮಾತ್ರ ಒಂದು ದಿನವೂ ಮರೆಯಲಿಲ್ಲ.

ಆರನೆಯ ದಿನ ಕುತ್ತಿಗೆ ತಿರುಗಿತು. ಅತ್ತೆ ಜಗಲಿಗೆ ಬಂದು ಬಲಕ್ಕೆ ನೋಡಿದರು. ಅಂಗಳದಲ್ಲಿ ಗೋಣಿತಾಟಿನ ಮೇಲೆ ಹುಡುಗಿ, ಕೈಯಿಂದ ಸ್ಲೇಟಿಗೆ ನೆರಳು ಮಾಡಿಕೊಂಡು ಬರೆಯುತ್ತಿದ್ದಳು. ಮೆಟ್ಟಿಲ ಕೆಳಗೆ ಹೊನ್ನಕ್ಕ ನಿಂತಿದ್ದಳು. ಅತ್ತೆ ತಮ್ಮನ ಮುಖ ನೋಡಿದರು. ರಾಮಣ್ಣನವರು ಇದಕ್ಕೂ ಸಿದ್ಧರಾಗಿಯೇ ಇದ್ದರು.

ಕುತ್ತಿಗೆ ತಿರುಗಿಸಿದ್ದು ಯಾವುದು, ಕೋಲು. ಕೋಲು ಯಾರದು, ನಮ್ಮದು. ಮರ ನಮ್ಮ ಹಿತ್ತಲಿನದು, ಬಡಗಿ ನಮ್ಮವನು, ಅಳತೆ ತಮ್ಮದು. ಹೊನ್ನಕ್ಕ ಬರೀ ಹಿಡಿದುಕೊಂಡಿದ್ದಳು, ಬಾಗಿಲ ಚಿಲಕ ಹಿಡಿದುಕೊಂಡಿರುವ ಹಾಗೆ. ಇನ್ನು ಶಾಲೆಯಲ್ಲಿ ಎಲ್ಲರನ್ನೂ ಒಟ್ಟಿಗೆ ಕೂರಿಸಬೇಕೆಂದು ಕಾನೂನು ಬಂದಿರುವುದು ತಮಗೆ ಗೊತ್ತು, ಆ ಕಾನೂನು ತಮ್ಮ ಮೇಜಿನ ಮೇಲೆಯೇ ಇದೆ. ಆದರೆ ಇದು ಶಾಲೆಯಲ್ಲ, ಜಗಲಿ. ಕಟ್ಟಡ ಬಂದ ದಿನ ನೋಡೋಣ. ಇಷ್ಟನ್ನು ಹೇಳಿ, ಪ್ರೇಮಕುಮಾರಿಯಂತೆ, ಹೆಸರು ಇಟ್ಟಾಗಲೇ ಇವಳನ್ನು ಜಗಲಿ ಹತ್ತಿಸಿಬಿಟ್ಟಿದ್ದಾರೆ ಎಂದು ನಕ್ಕರು. ನನ್ನ ಗಂಡ ಹೂಂಗುಟ್ಟಿದರು.

ಹೊನ್ನಕ್ಕ ಮಗಳ ಹತ್ತಿರ ಹೋಗಿ ಗೋಣಿತಾಟನ್ನು ಬೇವಿನ ಮರದ ನೆರಳು ಬೀಳುವ ಕಡೆಗೆ ಎರಡು ಗೇಣು ಸರಿಸಿ, ಸಗಣಿ ಬುಟ್ಟಿ ಎತ್ತಿಕೊಂಡು ಹೋದಳು.

ಇಲ್ಲಿಂದ ಮುಂದಿನದನ್ನು ನೆನೆದರೆ ಈಗಲೂ ನನಗೆ ನಗು ತಡೆಯುವುದಿಲ್ಲ. ಕೋಲಿನ ಕೀರ್ತಿ ಹಬ್ಬಿತು. ನಮ್ಮ ನೆಂಟರಲ್ಲಿ ಕುತ್ತಿಗೆ ನೋಯದವರೇ ಇಲ್ಲ ಎಂಬುದು ಆಗ ತಿಳಿದುಬಂತು. ಚಲುವಯ್ಯನಿಂದ ಇನ್ನೂ ಐದು ಕೋಲು ಮಾಡಿಸಿದರು. ಅವನು ಅವಕ್ಕೆ ಬೆಣೆ ಹಾಕಲಿಲ್ಲ, ಕೇಳಿದ ಹಾಗೆ ಒಂದೇ ಮರದಲ್ಲಿ ಕಡೆದು ಕೊಟ್ಟ. ಗಂಡ ಹೆಂಡತಿಗೆ, ಮಗಳು ತಾಯಿಗೆ ಒತ್ತುವಾಗ ಮೂರು ಮೊಳ ದೂರ ಯಾಕೆ ನಿಲ್ಲಬೇಕು? ಅಲ್ಲಿ ಯಾರಿಂದ ಯಾರಿಗೆ ಮೈಲಿಗೆ? ಇದನ್ನು ಒಬ್ಬರೂ ಕೇಳಲಿಲ್ಲ. ದೊಡ್ಡಮ್ಮನಿಗೆ ವಾಸಿಯಾದದ್ದು ಮೂರು ಮೊಳದ ಕೋಲಿನಿಂದ, ಆದ್ದರಿಂದ ಗುಣವಿರುವುದು ಮೂರು ಮೊಳದಲ್ಲಿಯೇ. ಹಾಸನದಲ್ಲಿ ನಮ್ಮ ಸಂಬಂಧಿಕರೊಬ್ಬರ ಮನೆಯ ಕೋಣೆ ಸಾಲದೆ, ಯಜಮಾನರು ಬೀದಿಯಲ್ಲಿ ನಿಂತು ಕಿಟಕಿಯ ಸರಳಿನೊಳಗಿಂದ ಕೋಲು ತೂರಿಸಿ ಹೆಂಡತಿಯ ಭುಜ ಒತ್ತುತ್ತಿದ್ದರಂತೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರಂತೆ. ಅರಕಲಗೂಡಿನಲ್ಲಿದ್ದ ಅತ್ತೆಯ ತಂಗಿ ಲಕ್ಕಮ್ಮ ಸ್ಥೂಲಕಾಯರು. ತಮ್ಮ ಮೈಗೆ ಮೂರು ಮೊಳ ಸಾಲದೆಂದು ನಾಲ್ಕು ಮೊಳದ್ದನ್ನು ಹೇಳಿ ಮಾಡಿಸಿಕೊಂಡರು.

ಈ ನಾಲ್ಕು ಮೊಳದ್ದೇ ನಮ್ಮ ಮನೆಗೆ ಬಂದದ್ದು. ಸಂಕ್ರಾಂತಿ ಕಳೆದ ಮೇಲೆ ಲಕ್ಕಮ್ಮ ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಅಕ್ಕನನ್ನು ನೋಡಲು ಬಂದರು. ಅತ್ತೆಗೆ ಆಗ ಭುಜ ಸ್ವಲ್ಪ ಬಿಗಿದಿತ್ತು. ನೋಡು ಎಂದು ಲಕ್ಕಮ್ಮ ನಡುಮನೆಯ ಆ ತುದಿಯಲ್ಲಿ ಕಾಲೂರಿ ನಿಂತು, ಒನಕೆ ಹಾಕುವವರ ಕಸುವಿನಿಂದ ಒತ್ತಿದರು. ಮಣೆ ಜಾರಿತು. ಅತ್ತೆ ಗೋಡೆಗೆ ಹೋಗಿ ತಾಗಿದರು. ಎದ್ದಾಗ ಕುತ್ತಿಗೆ ಮತ್ತೆ ಎಡಕ್ಕೆ ನಿಂತಿತ್ತು. ಈ ಸಲ ಬಲ ತೋಳೂ ಮೇಲೆ ಏಳುತ್ತಿರಲಿಲ್ಲ. ಲಕ್ಕಮ್ಮ ಮಾರನೆಯ ದಿನ ಮೊದಲ ಬಸ್ಸಿಗೇ ಹೋದರು. ಕೋಲನ್ನು ಬಿಟ್ಟು ಹೋದರು.

ರಾಮಣ್ಣನವರನ್ನು ಮತ್ತೆ ಕರೆಸಿ, ಹೊನ್ನಕ್ಕನಿಗೆ ಹೇಳಿಕಳಿಸಿದರು. ಅವಳು ಬಂದಳು. ಹಿತ್ತಲಿಗೆ ಹೋಗಲಿಲ್ಲ. ಮುಂದಿನ ಅಂಗಳಕ್ಕೆ ಬಂದು, ಮಗಳ ಗೋಣಿತಾಟಿನ ತುದಿಯಲ್ಲಿ ಕೂತಳು. ರಾಮಣ್ಣನವರು ಜಗಲಿಯ ಅಂಚಿಗೆ ಬಂದು, ಕೋಲು ಕೊಟ್ಟಿಗೆಯಲ್ಲಿದೆ ಎಂದರು.

“ಕೋಲು ಇದ್ರೆ ಸರಿ ಬುಡಿ ಸಾ,” ಎಂದಳು ಹೊನ್ನಕ್ಕ. “ಕತ್ತು ತಿರುಗ್ಸೋದು ಅದೇ ಅಲ್ವರಾ.”

“ನಾಲಿಗೆ ಉದ್ದ ಆಯ್ತು ನಿಂದು.”

“ಎಷ್ಟ್ ಮೊಳ ಅಂತ ಅಳೆದ್ಬುಡಿ ಸಾ. ನಿಮ್ಗೆ ಅಳತೆ ಗೊತ್ತು.”

ಬಸವರಾಜು ಮೇಷ್ಟ್ರು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದರು. ಪುಸ್ತಕ ಅಲುಗುತ್ತಿತ್ತು.

ಅವಳು ಎದ್ದು, ಒಳಗಿದ್ದ ಅತ್ತೆಗೆ ಕೇಳುವಂತೆ, ಆದರೆ ದನಿ ಏರಿಸದೆ ಹೇಳಿದಳು: “ನಮ್ ಮಗಾ ಮ್ಯಾಕೆ ಕೂತ ದಿನ ಬತ್ತೀನಿ ಕಣವ್ವ. ನೋವು ಜಾಸ್ತಿ ಆದ್ರೆ ಬಿಸಿ ಉಪ್ಪಿನ ಗಂಟು ಇಡಿ, ಜಗ್ಗುಸ್ಕಬ್ಯಾಡಿ.” ಬಾರದೆ ಇರುತ್ತೇನೆಂದು ಹೇಳುವಾಗಲೂ ನೋವಿಗೆ ಏನು ಮಾಡಬೇಕೆಂದು ಹೇಳಿ ಹೋದಳು. ನಾನು ಉಪ್ಪಿನ ಗಂಟು ಇಟ್ಟೆ. ಅತ್ತೆ, ಇದನ್ನು ಯಾರು ಹೇಳಿದರು ಎಂದು ಕೇಳಲಿಲ್ಲ.

ಹನ್ನೊಂದು ದಿನ ಕಳೆಯಿತು. ಮುದ್ದೆ ಮುರಿಯಲೂ ಅತ್ತೆಗೆ ಕೈ ಬಾರದಾಯಿತು. ನಾನೇ ತಿನ್ನಿಸುತ್ತಿದ್ದೆ, ಎಡಗಡೆ ಕೂತು. ಎಂಟನೆಯ ದಿನವೋ ಒಂಬತ್ತನೆಯ ದಿನವೋ, ತಿನ್ನಿಸುತ್ತಿದ್ದಾಗ, ಆ ಹುಡುಗಿಯನ್ನು ಮೇಲೆ ಕೂರಿಸಿದರೆ ಏನಾಗುತ್ತದೆ ಅತ್ತೆ ಎಂದು ಕೇಳಿದೆ. ನಾನು ಆ ಮನೆಯಲ್ಲಿ ಕೇಳಿದ ಮೊದಲ ಪ್ರಶ್ನೆ ಅದು. ಅವರು ತುತ್ತು ನುಂಗಿ, ಊರು ಏನಂದೀತು ಎಂದರು. ಊರೆಂದರೆ ಅವರೇ. ಅವರು ಹೂಂ ಎಂದರೆ ಹೂಂ ಎನ್ನುತ್ತಿದ್ದ ನಲವತ್ತು ಮನೆ.

ಹನ್ನೊಂದನೆಯ ದಿನ ರಾಮಣ್ಣನವರು ಇನ್ನೊಂದು ದಾರಿ ಕಂಡುಹಿಡಿದರು. ಹೊನ್ನಕ್ಕ ಕೇಳಿದ್ದು ಮಗಳು ಮೇಲೆ ಕೂರಬೇಕೆಂದು. ಮೇಲೆ ಎಂದರೆ ಎತ್ತರ. ಜಗಲಿಯಷ್ಟೇ ಎತ್ತರದ ಒಂದು ಬೆಂಚನ್ನು ಮಾಡಿಸಿ, ಅಂಗಳದಲ್ಲಿ, ಜಗಲಿಯಿಂದ ಮೂರು ಮೊಳ ಬಿಟ್ಟು ಹಾಕಿದರೆ ಹುಡುಗಿ ಮೇಲೆ ಕೂತ ಹಾಗೂ ಆಯಿತು, ಜಗಲಿ ಜಗಲಿಯಾಗಿ ಉಳಿದ ಹಾಗೂ ಆಯಿತು. ಗೋಡೆಯ ಮೇಲಿನ ಸುಣ್ಣದ ಗೆರೆಯನ್ನು ಮತ್ತೆ ತೋರಿಸಿದರು. ಬುದ್ಧಿವಂತಿಕೆಗೆ ಇವರು ಪಟ್ಟ ಶ್ರಮದಲ್ಲಿ ನಾಲ್ಕರಲ್ಲಿ ಒಂದು ಪಾಲು ಸಾಕಾಗಿತ್ತು, ಸುಮ್ಮನೆ ಆ ಮಗುವಿಗೆ ಮೆಟ್ಟಿಲು ಹತ್ತು ಎನ್ನಲು.

ಚಲುವಯ್ಯ ಬೆಂಚು ಹೊತ್ತುಕೊಂಡು ಬಂದ. ನಾಲ್ಕು ಜನ ಆರಾಮವಾಗಿ ಕೂರಬಹುದಾದ ಬೆಂಚು. ಹಲಗೆಯ ಅಂಚುಗಳನ್ನು ಮಕ್ಕಳ ತೊಡೆಗೆ ಒತ್ತದಂತೆ ದುಂಡಗೆ ಮಾಡಿದ್ದ. ಕಾಲಿಡಲು ಕೆಳಗೊಂದು ಪಟ್ಟಿಯನ್ನೂ ಹೊಡೆದಿದ್ದ. ರಾಮಣ್ಣನವರು ಒಬ್ಬಳಿಗೆ ಹೇಳಿದ್ದು ಎಂದು ಸಿಟ್ಟಾದರು. “ಅಲಗೆ ಅಷ್ಟ್ ಉದ್ದ ಇತ್ತು ಸಾ,” ಎಂದ ಚಲುವಯ್ಯ. “ಕುಯ್ಯಾಕೆ ಮನ್ಸಾಗ್ಲಿಲ್ಲ.”

ಹೊನ್ನಕ್ಕ ಬಂದು ಬೆಂಚನ್ನು ನೋಡಿದಳು. ಬೆಂಚಿಗೂ ಜಗಲಿಗೂ ನಡುವಿನ ಮೂರು ಮೊಳವನ್ನೂ ನೋಡಿದಳು. ಬೇಡ ಎಂದುಬಿಡುತ್ತಾಳೆಂದು ನನಗೆ ಅನಿಸಿತು. ಅವಳು ಹಲಗೆಯ ಉದ್ದಕ್ಕೂ ಕೈಯಾಡಿಸಿ, ದುಂಡಗಿನ ಅಂಚನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿ, ಚಲುವಯ್ಯನ ಕಡೆ ನೋಡಿದಳು. ಅವನು ಬೇವಿನ ಮರದಲ್ಲಿ ಏನನ್ನೋ ಹುಡುಕುತ್ತಿದ್ದ. ಹೊನ್ನಕ್ಕ ಮಗಳನ್ನು ಎತ್ತಿ ಬೆಂಚಿನ ನಡುವೆ ಕೂರಿಸಿದಳು. ಆಮೇಲೆ, ಅವ್ವ ಹಿತ್ತಲಿಗೆ ಬರುವುದು ಬೇಡ, ಅಲ್ಲಿ ಕತ್ತಲು, ಜಗಲಿಯ ಎಡಗಡೆ ಬೆಳಕಿದೆ, ಅಲ್ಲೇ ಕೂತುಕೊಳ್ಳಲಿ ಎಂದಳು.

ರಾಮಣ್ಣನವರು ಬಾಯಿ ತೆರೆದರು. ಒಳಗಿನಿಂದ ಅತ್ತೆ, “ಸುಮ್ಕಿರು ರಾಮ” ಎಂದರು. ಗೋಡೆ ಹಿಡಿದುಕೊಂಡು ಬಂದು, ಶಾಲೆಗೆ ಬೆನ್ನು ಹಾಕಿ ಮಣೆಯ ಮೇಲೆ ಕೂತರು. ಹೊನ್ನಕ್ಕ ಮೆಟ್ಟಿಲ ಬಳಿ ಒಂದು ಕ್ಷಣ ನಿಂತಳು. ಕಾಲನ್ನು ಕಲ್ಲಿಗೆ ಉಜ್ಜಿ ಧೂಳು ಒರೆಸಿಕೊಂಡು ಮೂರು ಮೆಟ್ಟಿಲು ಹತ್ತಿದಳು. ಆ ಮೆಟ್ಟಿಲಿಗೆ ಹದಿನೈದು ವರ್ಷದಿಂದ ಸಗಣಿ ಸಾರಿಸಿದವಳು ಅವಳು, ಕೆಳಗೆ ನಿಂತು, ಕೈ ಎಟುಕುವಷ್ಟು. ನಾನು ಬೆಣೆಯ ಕೋಲನ್ನು ತಂದು ಚಾಚಿದೆ. ಅವಳು ಬೆಣೆ ಎಳೆದು ತಲೆಯನ್ನಷ್ಟೇ ಮಡಿಲಿಗೆ ಹಾಕಿಕೊಂಡಳು. ಹಿಡಿಯನ್ನು ರಾಮಣ್ಣನವರ ಕಡೆಗೆ ನೀಡಿದಳು.

“ಇದು ನಿಮ್ದು ಸಾ,” ಎಂದಳು. “ಇಟ್ಕಳಿ.”

ಅವರು ಏನು ಮಾಡಬೇಕೆಂದು ತಿಳಿಯದೆ ಅದನ್ನು ತೆಗೆದುಕೊಂಡರು. ಅವಳ ಕೈಯಿಂದಲೇ ತೆಗೆದುಕೊಂಡೆನೆಂಬುದು ಹಿಡಿದ ಮೇಲೆ ಹೊಳೆದಿರಬೇಕು. ಬಿಸಿ ಪಾತ್ರೆಯ ಹಾಗೆ ಗೋಡೆಗೆ ಒರಗಿಸಿ, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು.

ಹೊನ್ನಕ್ಕ ಎಲ್ಲರೆದುರಿಗೆ, ಬಿಸಿಲಲ್ಲಿ, ಬರಿಗೈಯಿಂದ ಗಂಟು ಹುಡುಕತೊಡಗಿದಳು. ಅತ್ತೆ ಕಣ್ಣು ಮುಚ್ಚಿದ್ದರು. ಕೋಲೇ ತಾನೆ ಎಂದು ನನ್ನನ್ನು ಕೇಳಲಿಲ್ಲ.

ಆ ಹೊತ್ತಿಗೆ ಅತ್ತೆಯ ಬೆನ್ನ ಹಿಂದೆ ಬಲಗಡೆಯಲ್ಲಿ ಬೇರೆ ಏನೋ ನಡೆಯುತ್ತಿತ್ತು. ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಂಗತಿ ಇತ್ತು. ಆ ಶಾಲೆಯಲ್ಲಿ ಬೆಂಚು ಎಂಬುದನ್ನು ಯಾವ ಮಗುವೂ ಕಂಡಿರಲಿಲ್ಲ. ಇಪ್ಪತ್ತೆರಡು ಮಕ್ಕಳು ತಣ್ಣನೆಯ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಪ್ರೇಮಕುಮಾರಿ ಒಬ್ಬಳೇ ಕಾಲು ಇಳಿಬಿಟ್ಟುಕೊಂಡು, ಪಟ್ಟಿಯ ಮೇಲೆ ಪಾದ ಊರಿ, ಇನ್ಸ್‌ಪೆಕ್ಟರ್ ಸಾಹೇಬರ ಹಾಗೆ ಕೂತಿದ್ದಳು. ಮಕ್ಕಳು ಪಾಠ ಬಿಟ್ಟು ಅದನ್ನೇ ನೋಡುತ್ತಿದ್ದರು. ಮೊದಲು ಎದ್ದವಳು ನಂಜಿ. ಅತ್ತೆಯ ಮಗಳ ಮಗಳು, ಏಳು ವರ್ಷದ ನಂಜಮ್ಮ, ಅಜ್ಜಿಯ ಮುದ್ದು. ಜಗಲಿಯಿಂದ ಧುಮುಕಿ ಮೂರು ಮೊಳವನ್ನು ಎರಡು ಹೆಜ್ಜೆಯಲ್ಲಿ ದಾಟಿದಳು.

“ವಸಿ ಸರ್ಕಳೆ,” ಎಂದಳು.

ಪ್ರೇಮಕುಮಾರಿ ಸರಿದಳು. ನಂಜಿ ಹತ್ತಿ ಅವಳಿಗೆ ಒತ್ತಿಕೊಂಡು ಕೂತಳು. ಆಮೇಲೆ ಇನ್ನಿಬ್ಬರು. ನಾಲ್ವರಾದ ಮೇಲೆ ಐದನೆಯವಳಿಗೂ ಆರನೆಯವಳಿಗೂ ತಳ್ಳಾಟ ಶುರುವಾಯಿತು. ಬಸವರಾಜು ಮೇಷ್ಟ್ರು ಎದ್ದು ನಿಂತರು. ನಮ್ಮ ಕಡೆ ನೋಡಿದರು, ಬೆಂಚಿನ ಕಡೆ ನೋಡಿದರು. ಆಮೇಲೆ, ಸರದಿಯ ಪ್ರಕಾರ ಕೂರಬೇಕು, ದಿನಕ್ಕೆ ಮೂವರು, ಪ್ರೇಮಕುಮಾರಿ ಜಾಗ ಮಾತ್ರ ಖಾಯಂ ಎಂದರು. ಅದನ್ನು ಅವರು ಮೆಲ್ಲಗೆ ಹೇಳಿದರು. ಅಷ್ಟು ದಿನದಲ್ಲಿ ಮೊದಲ ಸಲ ಅವರಿಗೆ ಕೂಗಬೇಕಾಗಿರಲಿಲ್ಲ.

ಆಗಲೇ ಹೊನ್ನಕ್ಕನ ಮರ ಗಂಟನ್ನು ಹಿಡಿದದ್ದು. ಅತ್ತೆ ಒಮ್ಮೆ ನರಳಿದರು. ಏನೋ ಸಡಿಲವಾಯಿತು, ಅದು ನನಗೂ ಕಂಡಿತು. ಹೊನ್ನಕ್ಕ ಎರಡೂ ಅಂಗೈಯಲ್ಲಿ ಅವರ ತಲೆಯನ್ನು ಹಿಡಿದು, ತುಂಬಿದ ಗಡಿಗೆಯನ್ನು ತಿರುಗಿಸುವಷ್ಟು ಮೆತ್ತಗೆ, ಬಲಕ್ಕೆ ತಿರುಗಿಸಿದಳು. ಕುತ್ತಿಗೆ ಬಂತು. ಅತ್ತೆ ಕಣ್ಣು ಬಿಟ್ಟರು.

ಕಣ್ಣ ಮುಂದೆ ಬೆಂಚಿತ್ತು. ಅದರ ಮೇಲೆ ನಂಜಿ, ಪ್ರೇಮಕುಮಾರಿಯ ತೊಡೆಗೆ ತೊಡೆ ಒತ್ತಿ, ಅವಳ ಸ್ಲೇಟಿನಲ್ಲಿ ತನ್ನ ಬೆರಳು ಇಟ್ಟುಕೊಂಡಿದ್ದಳು.

ಹೊನ್ನಕ್ಕನ ಕೈ ಇನ್ನೂ ಅತ್ತೆಯ ಕೆನ್ನೆಯ ಮೇಲೆಯೇ ಇತ್ತು. ಅವಳು ಅದನ್ನು ತೆಗೆಯಲಿಲ್ಲ. ಅತ್ತೆ ನೋಡಿದರು. ಒಂದು ಮಾತು ಅವರ ಗಂಟಲವರೆಗೆ ಬಂದದ್ದು ನನಗೆ ಕಂಡಿತು. ಆ ಮಾತು ಆಡಿದರೆ ಆ ಕೈ ಹೋಗುತ್ತದೆ, ಆ ಮರವೂ ಹೋಗುತ್ತದೆ, ಗೋಡೆಗೆ ಒರಗಿರುವ ಮೂರು ಮೊಳದ ಹಿಡಿ ಮಾತ್ರ ಉಳಿಯುತ್ತದೆ.

ದೊಡ್ಡಮ್ಮ ಕುತ್ತಿಗೆಯನ್ನು ತಾವೇ ಎಡಕ್ಕೆ ತಿರುಗಿಸಿಕೊಂಡರು. ಯಾರೂ ಹಿಡಿಯಲಿಲ್ಲ, ಯಾರೂ ಒತ್ತಲಿಲ್ಲ. ಅಷ್ಟು ಸಲೀಸಾಗಿ ಅದು ತಿರುಗಿದ್ದನ್ನು ನಾನು ಆಮೇಲೆ ನೋಡಿಲ್ಲ. ಖಾಲಿ ಕಣವನ್ನು ನೋಡುತ್ತಾ, “ಇನ್ನೊಸಿ ಕೆಳೀಕೆ ಒತ್ತು” ಎಂದರು.

ಮಧ್ಯಾಹ್ನ ತಲೆಗೆ ನೀರು ಹಾಕಿಕೊಂಡರು. ಎಣ್ಣೆ ಜಿಡ್ಡು ಎಂದರು.

ಮುಂದೆ ಎಷ್ಟೋ ವರ್ಷ ಅವರು ಜಗಲಿಯ ಆ ಕಂಬಕ್ಕೆ ಒರಗಿ ಎಡಕ್ಕೇ ಮುಖ ಮಾಡಿ ಕೂರುತ್ತಿದ್ದರು. ಬಂದವರಿಗೆ ಕುತ್ತಿಗೆ ಇನ್ನೂ ಪೂರ್ತಿ ಸರಿಯಾಗಿಲ್ಲ ಎನ್ನುತ್ತಿದ್ದರು. ನಾನು ಅಲ್ಲಗಳೆಯುತ್ತಿರಲಿಲ್ಲ. ಜೂನಿನಲ್ಲಿ ಮಳೆ ಹಿಡಿದಾಗ ಬೆಂಚು ನೆನೆಯುತ್ತದೆಂದು ಮೇಷ್ಟ್ರೂ ಚಲುವಯ್ಯನೂ ಅದನ್ನು ಎತ್ತಿ ಜಗಲಿಯ ಮೇಲಿಟ್ಟರು. ಇಡುವಾಗ ಕಾಲು ನೆಲಕ್ಕೆ ತಾಗಿ ಜೋರಾಗಿ ಸದ್ದಾಯಿತು. ಅತ್ತೆ ಕಣದ ಕಡೆ ನೋಡುತ್ತಾ, ಅದೇನು ಸದ್ದು ಎಂದು ನನ್ನನ್ನು ಕೇಳಿದರು. ಗುಡುಗು ಎಂದೆ.

“ಊಂ” ಎಂದರು.